ಮಾತ್ರೆ ಬಿಡ್ಬೇಡಿ ಅಂದರು, ಯಾವಾಗ ಬಿಡಬೇಕು ಅಂತ ಹೇಳಲಿಲ್ಲ

ಮಾವನ ಕಣ್ಣು ಹಳದಿಯಾಗಿದ್ದನ್ನು ಮೊದಲು ಕಂಡಿದ್ದು ಡಾಕ್ಟರಲ್ಲ, ನರ್ಸಲ್ಲ, ಮನೆಗೆ ಬರ್ತಿದ್ದ ಆಶಾ ಕಾರ್ಯಕರ್ತೆಯೂ ಅಲ್ಲ. ನಮ್ಮತ್ತೆ. ಅದೂ ಹಿತ್ತಲಲ್ಲಿ, ಬೆಳಗಿನ ಬಿಸಿಲಲ್ಲಿ, ಮಾವ ಕಲ್ಲಿನ ಮೇಲೆ ಕೂತು ಬಾಯಿ ಮುಕ್ಕಳಿಸ್ತಾ ಇದ್ದಾಗ. "ಇದ್ಯಾಕೆ ಹಿಂಗೈತೆ ನಿಮ್ ಕಣ್ಣು, ಅರಿಶಿನ ಬಳ್ದಂಗೆ?" ಅಂತ ಕೇಳಿದರಂತೆ. ಮಾವ "ಮಾತ್ರೆ ಹೀಟು ಕಣೆ" ಅಂದು, ಒಳಗೆ ಹೋಗಿ ಅವತ್ತಿನ ಮೂರು ಮಾತ್ರೆಯನ್ನೂ ನುಂಗಿದರಂತೆ. ಮಾತ್ರೆ ಬಿಡಬಾರದು ಅಂತ ಹೇಳಿದ್ದರಲ್ಲ!

ಇದು 2023ರ ಆಗಸ್ಟ್ ಮಾತು. ಮಾವ ಅಂದ್ರೆ ನನ್ನ ಸೋದರಮಾವ. ಅರಸೀಕೆರೆ ತಿಪಟೂರು ನಡುವಿನ ಒಂದು ಹಳ್ಳಿ, ಒಂದೂವರೆ ಎಕರೆ ತೆಂಗಿನ ತೋಟ, ಐವತ್ತಾರು ವರ್ಷ, 44 ಕೆಜಿ ತೂಕ. ಎರಡು ತಿಂಗಳು ಕೆಮ್ಮಿ, ಸಂಜೆ ಸಂಜೆ ಜ್ವರ ಬಂದು, ಕೊನೆಗೂ ಕಫ ಪರೀಕ್ಷೆ ಮಾಡಿಸಿದಾಗ ಟಿಬಿ ಅಂತ ಗೊತ್ತಾಯ್ತು. ಸರ್ಕಾರದ ಮಾತ್ರೆ ಶುರುವಾಯ್ತು. ಒಂದೊಂದು ಮಾತ್ರೆಯಲ್ಲೂ ನಾಲ್ಕು ಔಷಧ ಸೇರಿರುತ್ತೆ. ಐಸೋನಿಯಾಜಿಡ್ 75, ರಿಫಾಂಪಿಸಿನ್ 150, ಪೈರಾಜಿನಮೈಡ್ 400, ಎಥಾಂಬುಟಾಲ್ 275 ಮಿಲಿಗ್ರಾಂ. ಮಾವನ ತೂಕಕ್ಕೆ ದಿನಕ್ಕೆ ಮೂರು. ಎರಡು ತಿಂಗಳು ಇದು, ಆಮೇಲೆ ನಾಲ್ಕು ತಿಂಗಳು ಪೈರಾಜಿನಮೈಡ್ ಇಲ್ಲದ ಇನ್ನೊಂದು ಮಾತ್ರೆ. ಅಲ್ಲಿಗೆ ಮುಗೀತು, ಕಾಯಿಲೆ ವಾಸಿ. ಬಹುಪಾಲು ಜನಕ್ಕೆ ಆಗೋದೂ ಹಾಗೇ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ಬರೆಯೋದನ್ನ ಓದಿ ಯಾರಾದ್ರೂ "ಟಿಬಿ ಮಾತ್ರೆ ಡೇಂಜರ್ ಅಂತೆ" ಅಂತ ಫಾರ್ವರ್ಡ್ ಮಾಡಿದ್ರೆ ನನ್ನಷ್ಟು ಬೇಜಾರು ಪಡೋರು ಇನ್ನೊಬ್ಬರಿಲ್ಲ.

ಮಾತ್ರೆ ಕೊಡುವಾಗ ಮಾವನಿಗೆ ಎರಡು ಮಾತು ಹೇಳಿದ್ದರಂತೆ. ಏನೇ ಆದ್ರೂ ಮಾತ್ರೆ ಬಿಡಬಾರದು. ಒಂದಕ್ಕೆ ಹೋದಾಗ ಕೆಂಪಗೆ ಬರುತ್ತೆ, ಹೆದರಬೇಡಿ. ಅಷ್ಟೇ.

ಎರಡನೇ ಮಾತು ನಿಜ. ರಿಫಾಂಪಿಸಿನ್ ಅನ್ನೋ ಔಷಧದ ಬಣ್ಣವೇ ಇಟ್ಟಿಗೆ ಕೆಂಪು, ನುಂಗಿದ ಕೆಲವು ಗಂಟೆ ಮೂತ್ರಕ್ಕೂ ಆ ಬಣ್ಣ ಬರುತ್ತೆ, ಬೆವರಿಗೂ ಬರಬಹುದು. ಮೊದಲ ಮಾತಿನಲ್ಲೇ ನನ್ನ ತಕರಾರಿರೋದು. ಮಾತ್ರೆ ಬಿಡಬಾರದು ಅನ್ನೋದು ಸರಿ. "ಏನೇ ಆದ್ರೂ" ಅನ್ನೋದು ತಪ್ಪು.

ಮೂರನೇ ವಾರಕ್ಕೆ ಮಾವನಿಗೆ ಊಟ ಸೇರದಾಯ್ತು. ಮುದ್ದೆ ತಟ್ಟೆಗೆ ಬಿದ್ದರೆ ವಾಕರಿಕೆ. ಕಾಫಿ ವಾಸನೆ ಆಗ್ತಿರಲಿಲ್ಲ, ಬೀಡಿ ಕೂಡ ಬೇಡ ಅನ್ನಿಸ್ತಂತೆ (ಆ ಮನುಷ್ಯ ನಲವತ್ತು ವರ್ಷದಲ್ಲಿ ಬೀಡಿ ಬೇಡ ಅಂದಿದ್ದು ಅದೇ ಮೊದಲು, ಅಷ್ಟಕ್ಕೇ ನಮಗೆ ಗೊತ್ತಾಗಬೇಕಿತ್ತು). ಮೂತ್ರ ದಿನವಿಡೀ ಡಿಕಾಕ್ಷನ್ ಥರ ಇತ್ತು. "ಕೆಂಪಗೆ ಆಗುತ್ತೆ ಅಂದಿದ್ರಲ್ಲ" ಅಂತ ಸುಮ್ಮನಾದರು. ಎರಡು ಸಲ ವಾಂತಿಯಾದಾಗ ಅತ್ತೆ ನನಗೆ ಫೋನ್ ಮಾಡಿದರು. ಬೆಂಗಳೂರಲ್ಲಿ ಕೂತು, ಇಂಟರ್‌ನೆಟ್ ಇರೋ, ನಾಲ್ಕು ಅಕ್ಷರ ಓದಿದ ಅಳಿಯ ಏನು ಹೇಳಿದ ಅಂದ್ರೆ, "ಅತ್ತೆ, ಟಿಬಿ ಮಾತ್ರೆ ಮಧ್ಯದಲ್ಲಿ ಬಿಟ್ರೆ ರೋಗ ಗಟ್ಟಿಯಾಗುತ್ತೆ. ಒಂಚೂರು ಮಜ್ಜಿಗೆ ಕೊಡಿ, ಮಾತ್ರೆ ಮಾತ್ರ ತಪ್ಪಿಸ್ಬೇಡಿ." ಇನ್ನೂ ಐದು ದಿನ ಮಾವ ಮಾತ್ರೆ ನುಂಗಿದ್ದು ನನ್ನ ಮಾತಿನ ಮೇಲೆ. ಆದ್ದರಿಂದ ಇದು ಬರೀ ಆ ಆರೋಗ್ಯ ಕೇಂದ್ರದವರ ಮೇಲಿನ ದೂರು ಅಂದ್ಕೋಬೇಡಿ.

ಕಣ್ಣು ಹಳದಿ ಅಂತ ಗೊತ್ತಾದ ಮೇಲೂ ನೇರ ಆಸ್ಪತ್ರೆಗೆ ಹೋಗಲಿಲ್ಲ. ಕಾಮಾಲೆ ಅಂದ್ರೆ ನಮ್ಮ ಕಡೆ ಆಸ್ಪತ್ರೆ ಕಾಯಿಲೆಯೇ ಅಲ್ಲವಲ್ಲ! ನಾಟಿ ಔಷಧಿ ಕೊಡೋರ ಹತ್ತಿರ ಕರಕೊಂಡು ಹೋದರು. ಮೂರು ದಿನ ಖಾಲಿ ಹೊಟ್ಟೆಗೆ ಸೊಪ್ಪಿನ ರಸ, ಉಪ್ಪು ಖಾರ ಎಣ್ಣೆ ಬಿಟ್ಟು ಪಥ್ಯ. ಜೊತೆಗೆ ಟಿಬಿ ಮಾತ್ರೆಯೂ ನಡೀತಾ ಇತ್ತು. ನಾನು ಊರಿಗೆ ಹೋಗಿ ನೋಡಿದಾಗ ಮಾವ ಮಂಚದಿಂದ ಏಳೋ ಸ್ಥಿತಿಯಲ್ಲಿರಲಿಲ್ಲ. ದೊಡ್ಡಾಸ್ಪತ್ರೆಗೆ ಸೇರಿಸಿದಾಗ ಬಿಲಿರುಬಿನ್ 7.2. ಎಎಲ್‌ಟಿ ಅಂತ ಒಂದು ಎನ್‌ಜೈಮ್ ಇದೆ, ಲಿವರ್‌ನ ಜೀವಕೋಶ ಒಡೆದಾಗ ರಕ್ತಕ್ಕೆ ಬರುವಂಥದ್ದು. ಸುಮಾರು 40ರ ಒಳಗಿರಬೇಕಾದ ಅದು ಮಾವನಿಗೆ 680 ಇತ್ತು. ಅಲ್ಲಿನ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ವಾಂತಿ ಶುರುವಾಗಿ ಎಷ್ಟು ದಿನ ಆಯ್ತು?" ಎರಡನೆಯದು, "ಅವತ್ತೇ ಯಾಕೆ ಮಾತ್ರೆ ನಿಲ್ಲಿಸಿ ಬರಲಿಲ್ಲ?"

ನಮ್ಮಲ್ಲಿ ಯಾರ ಹತ್ರಾನೂ ಉತ್ತರ ಇರಲಿಲ್ಲ.

ಆಮೇಲೆ ನಾನು ಓದಿ ತಿಳ್ಕೊಂಡಿದ್ದನ್ನ ನನಗರ್ಥ ಆದಷ್ಟು ಹೇಳ್ತೀನಿ. ಆ ನಾಲ್ಕು ಔಷಧಗಳಲ್ಲಿ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರೂ ಲಿವರ್‌ಗೆ ಹೊಡೆತ ಕೊಡಬಲ್ಲವು. ಎಥಾಂಬುಟಾಲ್ ಲಿವರ್ ಮಟ್ಟಿಗೆ ಸಾಧು, ಅದರ ಕಾಟ ಏನಿದ್ರೂ ಕಣ್ಣಿನ ದೃಷ್ಟಿಗೆ. ಐಸೋನಿಯಾಜಿಡನ್ನ ಲಿವರ್ ತಾನೇ ಒಡೆದು ಹೊರಗೆ ಹಾಕಬೇಕು. ಆ ಕೆಲಸ ಮಾಡುವ ಎನ್‌ಜೈಮ್ ಕೆಲವರಲ್ಲಿ ಚುರುಕು, ಕೆಲವರಲ್ಲಿ ನಿಧಾನ, ಅದು ಹುಟ್ಟಿನಿಂದ ಬಂದದ್ದು. ನಮ್ಮ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಿಧಾನದ ಗುಂಪಿನವರು. ಈ ಗುಂಪಿನವರಿಗೆ ಅಪಾಯ ಸ್ವಲ್ಪ ಹೆಚ್ಚು. ಹಾಗಂತ ಎಲ್ಲರಿಗೂ ಕಾಮಾಲೆ ಬರಲ್ಲ, ಬಹಳಷ್ಟು ಜನಕ್ಕೆ ಏನೂ ಆಗಲ್ಲ. ವಯಸ್ಸಾದವರು, ಸೊರಗಿದವರು, ದಿನಾ ಕುಡಿಯೋರು, ಹೆಪಟೈಟಿಸ್ ಬಿ ಅಥವಾ ಸಿ ಇರೋರು, ಎಚ್‌ಐವಿ ಇರೋರು, ಇವರಿಗೆಲ್ಲ ಹೆಚ್ಚು ಎಚ್ಚರ ಬೇಕು. ಮಾವ ಕುಡಿಯಲ್ಲ. ಆಸ್ಪತ್ರೆಯಲ್ಲಿ ಮಾತ್ರ ಬಂದವರೆಲ್ಲ "ಎಷ್ಟು ವರ್ಷದಿಂದ ಕುಡೀತೀರಾ?" ಅಂತಲೇ ಕೇಳಿದ್ದು. ಕಾಮಾಲೆ ಬಂದ ಹಳ್ಳಿಯ ಗಂಡಸು ಕುಡುಕನೇ ಇರಬೇಕು ಅಂತ ಇವರೆಲ್ಲ ಯಾವಾಗ ತೀರ್ಮಾನ ಮಾಡಿದರೋ. ಅತ್ತೆಗೆ ಇವತ್ತಿಗೂ ಆ ಸಿಟ್ಟು ಹೋಗಿಲ್ಲ.

ಇನ್ನೊಂದು ಸ್ವಾರಸ್ಯ ಸಿಕ್ತು ಓದುವಾಗ. ಐಸೋನಿಯಾಜಿಡ್ ಟಿಬಿಗೆ ಬಂದಿದ್ದು 1952ರಲ್ಲಿ. ಅದರ ಜೊತೆಗೇ ಐಪ್ರೋನಿಯಾಜಿಡ್ ಅನ್ನೋ ಒಂದು ಒಡಹುಟ್ಟನ್ನೂ ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡಿನ ಸೀ ವ್ಯೂ ಆಸ್ಪತ್ರೆಯಲ್ಲಿ ಪ್ರಯೋಗ ಮಾಡಿದರು. ರೋಗಿಗಳು ಇದ್ದಕ್ಕಿದ್ದ ಹಾಗೆ ಗೆಲುವಾಗಿ ಓಡಾಡೋಕೆ ಶುರು ಮಾಡಿದರು. ಅದನ್ನ ಗಮನಿಸಿ ಆಮೇಲೆ ಖಿನ್ನತೆಯ ಔಷಧಿಯಾಗಿ ಬಳಸಿದರು, ಆ ಥರದ ಮೊದಲ ಔಷಧಿಗಳಲ್ಲಿ ಅದೂ ಒಂದು. ಕೊನೆಗೆ ಅಮೆರಿಕದಲ್ಲಿ 1961ರಲ್ಲಿ ಅದನ್ನ ವಾಪಸ್ ತಗೊಂಡಿದ್ದು ಯಾಕೆ ಗೊತ್ತಾ? ಲಿವರ್ ಕೆಡಿಸುತ್ತೆ ಅಂತ. ಈ ಮನೆತನಕ್ಕೂ ಲಿವರ್‌ಗೂ ಹಳೇ ಜಗಳ ಅಂತಾಯ್ತು.

ಎಷ್ಟು ಜನಕ್ಕೆ ಹೀಗಾಗುತ್ತೆ? ಬೇರೆ ಬೇರೆ ಅಧ್ಯಯನಗಳಲ್ಲಿ ನೂರಕ್ಕೆ 2ರಿಂದ 28ರವರೆಗೂ ಲೆಕ್ಕ ಸಿಗುತ್ತೆ. ಅಷ್ಟು ವ್ಯತ್ಯಾಸ ಯಾಕಂದ್ರೆ ರಕ್ತಪರೀಕ್ಷೆಯಲ್ಲಿ ಮಾತ್ರ ಕಾಣುವ ಏರಿಳಿತವನ್ನೂ ಕೆಲವರು ಸೇರಿಸ್ತಾರೆ, ಇನ್ನು ಕೆಲವರು ಕಾಮಾಲೆ ಬಂದವರನ್ನ ಮಾತ್ರ ಎಣಿಸ್ತಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯ ಡಾ. ಹರ್ಷದ್ ದೇವರಭಾವಿ ಮತ್ತು ಜೊತೆಯವರು 2010ರಲ್ಲಿ ಪ್ರಕಟಿಸಿದ ಲೆಕ್ಕ ನನಗೆ ಹೆಚ್ಚು ತಟ್ಟಿತು. 1997ರಿಂದ 2008ರವರೆಗೆ ಔಷಧಿಯಿಂದ ಲಿವರ್ ಕೆಟ್ಟು ಅವರಲ್ಲಿಗೆ ಬಂದ 313 ಜನರಲ್ಲಿ ನೂರಕ್ಕೆ 58 ಜನಕ್ಕೆ ಕಾರಣ ಟಿಬಿ ಔಷಧಿ. ಒಟ್ಟು 313ರಲ್ಲಿ ನೂರಕ್ಕೆ 17 ಜನ ತೀರಿಕೊಂಡಿದ್ದರು. ಇದನ್ನ ಸರಿಯಾಗಿ ಓದಬೇಕು. ಟಿಬಿ ಮಾತ್ರೆ ತಗೊಂಡ ನೂರು ಜನರಲ್ಲಿ 17 ಜನ ಅಂತಲ್ಲ. ಲಿವರ್ ಕೆಟ್ಟು ದೊಡ್ಡಾಸ್ಪತ್ರೆ ಮುಟ್ಟುವ ಹಂತಕ್ಕೆ ಹೋದ ನೂರು ಜನರಲ್ಲಿ. ಅಂದ್ರೆ ಆ ಹಂತಕ್ಕೆ ಹೋಗೋಕೆ ಮುಂಚೆಯೇ, ವಾಕರಿಕೆ ಬಂದ ವಾರದಲ್ಲೇ, ತಡೀಬೇಕು ಅಂತ ಅರ್ಥ.

ಇಲ್ಲಿಗೆ ಬಂದಾಗ ಒಂದು ಉತ್ತರ ಸಿದ್ಧವಾಗಿರುತ್ತೆ. ನನ್ನ ಗೆಳೆಯನೊಬ್ಬ ಆರೋಗ್ಯ ಇಲಾಖೆಯಲ್ಲಿದ್ದಾನೆ, ಅವನೇ ಹೇಳಿದ್ದು. "ಇದನ್ನೆಲ್ಲ ಹೇಳ್ತಾ ಕೂತ್ರೆ ಅರ್ಧ ಜನ ಮಾತ್ರೆ ಬಿಟ್ಟುಬಿಡ್ತಾರೆ ಕಣೋ. ಬಿಟ್ಟವರಿಂದ ಇನ್ನೂ ಹತ್ತು ಜನಕ್ಕೆ ಹರಡುತ್ತೆ. ಔಷಧಿಗೆ ಬಗ್ಗದ ಟಿಬಿ ಆಗುತ್ತೆ. ನಿಮ್ಮ ಮಾವ ಒಬ್ಬರು, ನನ್ನ ತಾಲೂಕಲ್ಲಿ ನೂರಾರು ಜನ." ಅವನ ಕಷ್ಟ ನನಗೆ ಅರ್ಥವಾಗುತ್ತೆ. ಟಿಬಿಯಿಂದ ಸಾಯೋರ ಸಂಖ್ಯೆಯ ಮುಂದೆ ಮಾತ್ರೆಯಿಂದ ಸಾಯೋರ ಸಂಖ್ಯೆ ಏನೇನೂ ಅಲ್ಲ, ಅದೂ ನಿಜ. ಆದರೆ ಹೇಳಿದ್ರೆ ಬಿಟ್ಟುಬಿಡ್ತಾರೆ ಅನ್ನೋದನ್ನ ನಾನು ಒಪ್ಪಲ್ಲ.

ಅಮೆರಿಕದ ಎರಡು ಲೆಕ್ಕ ನೋಡಿ. 1970ರಲ್ಲಿ ವಾಷಿಂಗ್ಟನ್ನಿನ ಕ್ಯಾಪಿಟಲ್ ಹಿಲ್‌ನಲ್ಲಿ ಟಿಬಿ ಕಾಣಿಸಿಕೊಂಡಾಗ, ಕಾಯಿಲೆ ಬರದೇ ಇರಲಿ ಅಂತ 2,321 ಸರ್ಕಾರಿ ನೌಕರರಿಗೆ ಐಸೋನಿಯಾಜಿಡ್ ಶುರು ಮಾಡಿದರು. 19 ಜನಕ್ಕೆ ಲಿವರ್ ಕಾಯಿಲೆ ಬಂತು, ಅದರಲ್ಲಿ 13 ಜನಕ್ಕೆ ಕಾಮಾಲೆ, ಇಬ್ಬರು ಸತ್ತೇ ಹೋದರು. ಗಟ್ಟಿಮುಟ್ಟಾಗಿದ್ದವರು, ಕಾಯಿಲೆಯೇ ಇಲ್ಲದವರು! ಅಲ್ಲಿಂದಾಚೆಗೆ ಆ ದೇಶದಲ್ಲಿ ಪದ್ಧತಿ ಬದಲಾಯ್ತು. ಈ ಈ ಲಕ್ಷಣ ಕಂಡರೆ ಮಾತ್ರೆ ನಿಲ್ಲಿಸಿ ತಕ್ಷಣ ಬನ್ನಿ ಅಂತ ಮೊದಲ ದಿನವೇ ಹೇಳೋದು, ಪ್ರತಿ ತಿಂಗಳೂ ಕೇಳೋದು. ಸಿಯಾಟಲ್ ಊರಿನ ಸಾರ್ವಜನಿಕ ಟಿಬಿ ಕ್ಲಿನಿಕ್ಕಿನವರು ಹೀಗೆ ಹೇಳುತ್ತ ಕೇಳುತ್ತ ಏಳು ವರ್ಷ ನಡೆಸಿದ್ದನ್ನ 1999ರಲ್ಲಿ ಪ್ರಕಟಿಸಿದರು. 11,141 ಜನ ಅದೇ ಐಸೋನಿಯಾಜಿಡ್ ಶುರು ಮಾಡಿದ್ದರು, ಲಿವರ್ ತೊಂದರೆ ಆದದ್ದು 11 ಜನಕ್ಕೆ. ಎರಡೂ ಕಡೆಯ ಜನ ಬೇರೆ, ಕಾಲ ಬೇರೆ, ಎಣಿಸಿದ ರೀತಿಯೂ ಬೇರೆ ಇರಬಹುದು. ನಮ್ಮ ನಾಲ್ಕು ಔಷಧದ ಮಾತ್ರೆಗೆ ಒಂದು ಔಷಧದ ಲೆಕ್ಕ ಹಾಗೇ ಕೂರೋದೂ ಇಲ್ಲ. ಆದರೂ ಒಂದಂತೂ ಗೊತ್ತಾಗುತ್ತೆ. ಅಲ್ಲಿನವರು ಹೇಳಿದರು, ಹೇಳಿದ್ದರಿಂದ ಕಾರ್ಯಕ್ರಮ ಮುಳುಗಿಹೋಗಲಿಲ್ಲ.

ಅಲ್ಲ, ನಮ್ಮ ಜನ ಮಾತ್ರೆ ಬಿಡೋದು ಯಾವಾಗ? ಹೇಳಿದಾಗಲ್ಲ, ಹೇಳದೇ ಇದ್ದಾಗ. ಏನೂ ಆಗಲ್ಲ ಅಂತ ನಂಬಿಸಿ, ಆಮೇಲೆ ಏನೋ ಆದಾಗ. ಆ ಹೊತ್ತಲ್ಲಿ ಅವರು ಮಾತ್ರೆಯನ್ನಷ್ಟೇ ಬಿಡಲ್ಲ, ಆಸ್ಪತ್ರೆಯ ಮೇಲಿನ ನಂಬಿಕೆಯನ್ನೇ ಬಿಡ್ತಾರೆ. ಮಾವ ಎರಡನೇ ಸಲ ಮಾತ್ರೆ ಶುರು ಮಾಡೋಕೆ ಒಪ್ಪಿಸೋಕೆ ನಾವು ಪಟ್ಟ ಪಾಡು ಇದೆಯಲ್ಲ, ಅಯ್ಯೋ ಬೇಡ. "ಸಾಯಿಸಕ್ಕೇ ಕರ್ಕೊಂಡ್ ಬಂದಿದೀಯೇನಪ್ಪಾ?" ಅಂತ ನನ್ನ ಮುಖ ನೋಡಿ ಕೇಳಿದರು.

ಎರಡನೇ ಸಲ ಶುರು ಮಾಡಬಹುದು ಅನ್ನೋದೇ ಬಹಳ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಇದನ್ನ ಸ್ವಲ್ಪ ಬಿಡಿಸಿ ಬರೀತೀನಿ. ಲಿವರ್ ಕೆಟ್ಟಿತು ಅಂದ ತಕ್ಷಣ ಟಿಬಿಗೆ ಔಷಧಿ ಇಲ್ಲ, ಕಥೆ ಮುಗೀತು ಅಂತಲ್ಲ. ಮೊದಲು ಮಾತ್ರೆ ನಿಲ್ಲಿಸಿದರು. ಟಿಬಿ ಜೋರಾಗಿದ್ದರಿಂದ ಮಧ್ಯದಲ್ಲಿ ಖಾಲಿ ಬಿಡಲಿಲ್ಲ, ಲಿವರ್‌ಗೆ ಅಷ್ಟಾಗಿ ತೊಂದರೆ ಕೊಡದ ಎಥಾಂಬುಟಾಲ್, ಲೆವೋಫ್ಲಾಕ್ಸಾಸಿನ್, ಜೊತೆಗೆ ಒಂದು ಇಂಜೆಕ್ಷನ್ ಕೊಟ್ಟರು. ಹನ್ನೆರಡು ದಿನಕ್ಕೆ ಮನೆಗೆ ಕಳಿಸಿದರು. ವಾರಕ್ಕೊಂದು ಸಲ ರಕ್ತಪರೀಕ್ಷೆ. ಎಎಲ್‌ಟಿ ಮೇಲ್ಮಿತಿಯ ಎರಡು ಪಟ್ಟಿಗಿಂತ ಕೆಳಗೆ ಇಳಿಯೋಕೆ ಮೂರೂವರೆ ವಾರ ಬೇಕಾಯ್ತು. ಆಮೇಲೆ ಒಂದೊಂದಾಗಿ. ಮೊದಲು ರಿಫಾಂಪಿಸಿನ್ ಒಂದೇ, ಒಂದು ವಾರ ಬಿಟ್ಟು ರಕ್ತ ನೋಡಿ ಐಸೋನಿಯಾಜಿಡ್. ಪೈರಾಜಿನಮೈಡ್ ಮತ್ತೆ ಕೊಡಲೇ ಇಲ್ಲ, ಅದರ ಬದಲು ಚಿಕಿತ್ಸೆಯನ್ನ ಒಂಬತ್ತು ತಿಂಗಳಿಗೆ ಉದ್ದ ಮಾಡಿದರು. ನಾಲ್ಕೂ ಔಷಧ ಒಂದೇ ಮಾತ್ರೆಯಲ್ಲಿರೋದು ಎಲ್ಲರಿಗೂ ಅನುಕೂಲ, ಇಂಥ ಹೊತ್ತಲ್ಲಿ ಮಾತ್ರ ಅದೇ ತೊಡಕು. ಒಂದೊಂದಾಗಿ ಕೊಡೋಕೆ ಬಿಡಿ ಬಿಡಿ ಮಾತ್ರೆ ಬೇಕು. ಅದಕ್ಕೆ ನಾನು ಮೂರು ಮೆಡಿಕಲ್ ಸ್ಟೋರ್ ಸುತ್ತಿದ್ದೆ.

ಹೀಗೆ ಮತ್ತೆ ಶುರು ಮಾಡೋದು ಎಷ್ಟು ಸುರಕ್ಷಿತ ಅಂತ ನೋಡೋಕೆ ದೆಹಲಿಯ ಏಮ್ಸ್‌ನ ಡಾ. ಎಸ್.ಕೆ. ಶರ್ಮಾ ಮತ್ತು ಸಂಗಡಿಗರು 175 ರೋಗಿಗಳಲ್ಲಿ ಮೂರು ಬೇರೆ ಬೇರೆ ಕ್ರಮಗಳನ್ನ ಹೋಲಿಸಿ 2010ರಲ್ಲಿ ಪ್ರಕಟಿಸಿದ್ದಾರೆ. ಮತ್ತೆ ಲಿವರ್ ತೊಂದರೆ ಆದದ್ದು 19 ಜನಕ್ಕೆ. ಅಂದ್ರೆ ಹತ್ತರಲ್ಲಿ ಸುಮಾರು ಒಂಬತ್ತು ಜನ ಅದೇ ಔಷಧಿಗಳನ್ನ ಎರಡನೇ ಸಲ ತಡಕೊಂಡರು. ಈ ಲೆಕ್ಕವನ್ನ ಕಾಗದದ ಮೇಲೆ ಹತ್ತು ತೆಂಗಿನಮರ ಬರೆದು, ಒಂದನ್ನ ಹೊಡೆದುಹಾಕಿ, ಮಾವನಿಗೆ ತೋರಿಸಿದೆ. ತೋಟದ ಭಾಷೆ ಅವರಿಗೆ ಅರ್ಥವಾಯ್ತು. "ಒಂಬತ್ತು ಫಸಲಿಗೆ ಬತ್ತವೆ ಅನ್ನು" ಅಂದರು. ಅವತ್ತು ರಾತ್ರಿ ಮಾತ್ರೆ ನುಂಗಿದರು.

ಇನ್ನೊಂದು ಮಾತು, ಇದು ನನಗೆ ಬಹಳ ಮುಖ್ಯ ಅನ್ನಿಸಿದ್ದು. ಹಿಂದೆ ಟಿಬಿ ಅಂದ್ರೆ ಸ್ಯಾನಟೋರಿಯಂಗೆ ಸೇರಿಸಬೇಕು ಅಂತಿತ್ತಲ್ಲ, ಅದನ್ನ ಬದಲಿಸಿದ್ದು ನಮ್ಮ ಪಕ್ಕದ ಮದರಾಸು. ಅಲ್ಲಿ 1956ರಲ್ಲಿ ಶುರುವಾದ ಅಧ್ಯಯನ, ಮನೆಯಲ್ಲೇ ಇದ್ದು ಮಾತ್ರೆ ತಗೊಂಡರೂ ಸ್ಯಾನಟೋರಿಯಂನಷ್ಟೇ ಚೆನ್ನಾಗಿ ವಾಸಿಯಾಗುತ್ತೆ ಅಂತ ತೋರಿಸಿತು, 1959ರಲ್ಲಿ ಅದರ ಫಲಿತಾಂಶ ಪ್ರಕಟವಾಯ್ತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯ್ತು, 1962ರ ರಾಷ್ಟ್ರೀಯ ಕಾರ್ಯಕ್ರಮ ರೂಪುಗೊಂಡಿದ್ದು ಅಲ್ಲಿನ ಕೆಲಸದ ಮೇಲೆ. ಬಹಳ ದೊಡ್ಡ ಕೆಲಸ, ಬಡವರ ಪಾಲಿಗಂತೂ ದೇವರು ಕೊಟ್ಟ ವರ. ಆದರೆ ಹಾಸಿಗೆ ಆಸ್ಪತ್ರೆಯಿಂದ ಮನೆಗೆ ಬಂದಾಗ, ದಿನಾ ಬೆಳಗ್ಗೆ ರೋಗಿಯ ಕಣ್ಣು ನೋಡುವ ಕೆಲಸವೂ ಅದರ ಜೊತೆ ಮನೆಗೆ ಬಂತು. ಸ್ಯಾನಟೋರಿಯಂನಲ್ಲಿ ಅದನ್ನ ನೋಡ್ತಿದ್ದವಳು ನರ್ಸ್. ಮನೆಯಲ್ಲಿ ನೋಡೋದು ನಮ್ಮತ್ತೆ. ನರ್ಸಿಗೆ ಏನು ನೋಡಬೇಕು ಅಂತ ಕಲಿಸಿರ್ತಾರೆ, ನಮ್ಮತ್ತೆಗೆ ಯಾರೂ ಕಲಿಸಲಿಲ್ಲ! ಮಾರ್ಗಸೂಚಿ ಪುಸ್ತಕದಲ್ಲಿ ಅಡ್ಡಪರಿಣಾಮದ ಅಧ್ಯಾಯ ಇದ್ದೇ ಇದೆ. ಅದು ಪುಸ್ತಕದಿಂದ ಹಿತ್ತಲ ತನಕ ಬರಲ್ಲ, ಅಷ್ಟೇ.

ಹಾಗಾದ್ರೆ ಎಲ್ಲರಿಗೂ ಪದೇ ಪದೇ ರಕ್ತಪರೀಕ್ಷೆ ಮಾಡಿಸಬೇಕಾ? ಮೊದಲು ನಾನೂ ಹಾಗೇ ಕೂಗಾಡಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ. ಶುರು ಮಾಡೋಕೆ ಮುಂಚೆ ಒಂದು ಸಲ, ಅಪಾಯ ಹೆಚ್ಚಿರೋರಿಗೆ ಆಮೇಲೂ ಆಗಾಗ, ಇದಂತೂ ಬೇಕೇ ಬೇಕು. ಆದರೆ ಪರೀಕ್ಷೆಗೂ ಒಂದು ಉಪದ್ರವ ಇದೆ. ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಕೆಲವರ ಎಎಲ್‌ಟಿ ಸ್ವಲ್ಪ ಏರಿ ತಾನೇ ಇಳಿಯುತ್ತೆ, ಲಿವರ್ ಹೊಂದಿಕೊಳ್ಳುತ್ತೆ. 40 ಇರಬೇಕಾದ್ದು 70 ಆಯ್ತು ಅಂತ ಹೆದರಿ ಟಿಬಿ ಮಾತ್ರೆಯನ್ನೇ ನಿಲ್ಲಿಸಿಬಿಡೋ ಖಾಸಗಿ ಕ್ಲಿನಿಕ್ಕುಗಳನ್ನೂ ನೋಡಿದ್ದೀನಿ. ಅದು ಇನ್ನೊಂದು ತುದಿಯ ತಪ್ಪು. ಸಾಮಾನ್ಯವಾಗಿ ವೈದ್ಯರು ಇಟ್ಟುಕೊಳ್ಳೋ ಗೆರೆ, ಲಕ್ಷಣಗಳಿದ್ದರೆ ಮೇಲ್ಮಿತಿಯ ಮೂರು ಪಟ್ಟು, ಯಾವ ಲಕ್ಷಣವೂ ಇಲ್ಲದಿದ್ದರೆ ಐದು ಪಟ್ಟು. ಅಷ್ಟಾದರೆ ನಿಲ್ಲಿಸ್ತಾರೆ. ಅದಕ್ಕಿಂತ ಕೆಳಗೆ ಗಮನಿಸ್ತಾ ಮುಂದುವರಿಸ್ತಾರೆ. ಇನ್ನು, ಇವತ್ತು ಪರೀಕ್ಷೆ ಮಾಡಿ ಸರಿಯಿದೆ ಅಂದವರಿಗೆ ಹತ್ತು ದಿನದ ಮೇಲೆ ಕಾಮಾಲೆ ಬರಬಹುದು. ಅವತ್ತು ಕಾಪಾಡೋದು ಹಳೇ ರಿಪೋರ್ಟ್ ಅಲ್ಲ, ಮನೆಯವರಿಗೆ ಹೇಳಿಕೊಟ್ಟ ಮಾತು.

ನಾಟಿ ಔಷಧಿ ಬಗ್ಗೆ ಬರೆದರೆ ಕೆಲವರಿಗೆ ಕೋಪ ಬರುತ್ತೆ, ಗೊತ್ತು. ಆದರೂ ಹೇಳಬೇಕು. 2021ರಲ್ಲಿ ಪ್ರಕಟವಾದ, ದೇಶದ ಹಲವು ಆಸ್ಪತ್ರೆಗಳು ಸೇರಿ 1,288 ರೋಗಿಗಳ ಮೇಲೆ ಮಾಡಿದ ಅಧ್ಯಯನದಲ್ಲಿ, ಔಷಧಿಯಿಂದ ಲಿವರ್ ಕೆಡೋಕೆ ಮೊದಲ ಕಾರಣ ಟಿಬಿ ಔಷಧಿ, ನೂರಕ್ಕೆ 46.4. ಎರಡನೆಯದು ಏನು ಗೊತ್ತಾ? ಗಿಡಮೂಲಿಕೆ ಮತ್ತಿತರ ಪರ್ಯಾಯ ಔಷಧಿಗಳು, ನೂರಕ್ಕೆ 13.9. ಅಂದ್ರೆ ಒಂದನೇ ಕಾರಣದಿಂದ ಕೆಟ್ಟ ಲಿವರ್‌ಗೆ ನಾವು ಎರಡನೇ ಕಾರಣವನ್ನ ಮೂರು ದಿನ ಖಾಲಿ ಹೊಟ್ಟೆಗೆ ಕುಡಿಸಿದೆವು. ಸೊಪ್ಪಿನಿಂದ ಮಾವನಿಗೆ ಕೆಟ್ಟದ್ದಾಯ್ತೋ ಇಲ್ವೋ ಯಾರೂ ಹೇಳಲಾರರು. ಪಥ್ಯದಿಂದ ಆದದ್ದಂತೂ ಕಣ್ಣಿಗೆ ಕಾಣ್ತಿತ್ತು, 44 ಕೆಜಿಯ ಮನುಷ್ಯ 40ಕ್ಕೆ ಇಳಿದರು. ಟಿಬಿಗೆ ಊಟ ಎಷ್ಟು ಮುಖ್ಯ ಅಂತ ನಮ್ಮ ಮಂಗಳೂರಿನ ಯೆನೆಪೋಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಅವರ ತಂಡ ಜಾರ್ಖಂಡ್‌ನಲ್ಲಿ ಮಾಡಿ 2023ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿಗೇ ತೋರಿಸಿತು. ರೋಗಿಯ ಮನೆಯವರಿಗೆ ಸರಿಯಾಗಿ ಆಹಾರ ಕೊಟ್ಟಿದ್ದಕ್ಕೇ ಅವರಲ್ಲಿ ಹೊಸದಾಗಿ ಟಿಬಿ ಬರೋದು ನೂರಕ್ಕೆ 39ರಷ್ಟು ಕಡಿಮೆಯಾಯ್ತು. ಸರ್ಕಾರವೂ ಊಟಕ್ಕೆ ಅಂತಲೇ ರೋಗಿಗೆ ದುಡ್ಡು ಕೊಡುತ್ತೆ, 2018ರಿಂದ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1,000 ಆಗಿದೆ. ಅಂಥ ಕಾಯಿಲೆಯವನಿಗೆ ನಾವು ಗಂಜಿ ಪಥ್ಯ ಮಾಡಿಸ್ತೀವಿ.

2021ರಿಂದ ಈಚೆಗೆ ಇನ್ನೊಂದು ಬೆಳವಣಿಗೆ ಇದೆ. ಟಿಬಿ ಬಂದವರ ಮನೆಯಲ್ಲಿರುವ, ಕಾಯಿಲೆ ಇಲ್ಲದ ದೊಡ್ಡವರಿಗೂ ಮುನ್ನೆಚ್ಚರಿಕೆ ಮಾತ್ರೆ ಕೊಡೋದು ನಮ್ಮಲ್ಲೂ ನಿಯಮವಾಗಿದೆ. ಆರು ತಿಂಗಳು ದಿನಾ ಐಸೋನಿಯಾಜಿಡ್, ಅಥವಾ ವಾರಕ್ಕೊಂದು ಸಲದಂತೆ ಹನ್ನೆರಡು ವಾರ ಐಸೋನಿಯಾಜಿಡ್ ಮತ್ತು ರಿಫಾಪೆಂಟಿನ್. ಒಳ್ಳೆಯದೇ, ನನ್ನ ವಿರೋಧ ಇಲ್ಲ, ಅತ್ತೆಯೂ ತಗೊಂಡರು. ಆದರೆ ಕಾಯಿಲೆ ಇದ್ದವನು ಕಷ್ಟ ತಡಕೊಂಡು ನುಂಗಬಹುದು, ಆರಾಮಾಗಿರೋ ಹೆಂಗಸಿಗೆ ಅಡ್ಡಪರಿಣಾಮ ಹೇಳದೆ ನುಂಗಿಸೋದು ಯಾವ ನ್ಯಾಯ? ಕ್ಯಾಪಿಟಲ್ ಹಿಲ್‌ನಲ್ಲಿ ಸತ್ತ ಆ ಇಬ್ಬರೂ ಕಾಯಿಲೆಯವರಾಗಿರಲಿಲ್ಲ.

ಆಸ್ಪತ್ರೆಯ ಡಾಕ್ಟರನ್ನ ಕೇಳಿಕೊಂಡು ನಾನೊಂದು ಚೀಟಿ ಬರೆದೆ, ಅವರೇ ತಿದ್ದಿಕೊಟ್ಟರು. ಅತ್ತೆ ಅದನ್ನ ಮಾತ್ರೆ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದ್ದರು. ಅದರಲ್ಲಿದ್ದದ್ದು ಇಷ್ಟು:

"ಮಾತ್ರೆ ದಿನಾ ತಪ್ಪದೆ ತಗೊಳ್ಳಿ. ಆದರೆ ಎರಡು ಮೂರು ದಿನ ಊಟ ಸೇರದಿದ್ದರೆ, ವಾಂತಿ ನಿಲ್ಲದಿದ್ದರೆ, ಬಲಗಡೆ ಪಕ್ಕೆಲುಬಿನ ಕೆಳಗೆ ನೋವಿದ್ದರೆ, ವಿಪರೀತ ಸುಸ್ತಿದ್ದರೆ, ಕಣ್ಣಿನ ಬಿಳಿಭಾಗ ಹಳದಿಯಾದರೆ, ಅವತ್ತಿನ ಮಾತ್ರೆ ನುಂಗದೆ ಅವತ್ತೇ ಆಸ್ಪತ್ರೆಗೆ ಹೋಗಿ. ಮಾತ್ರೆ ನುಂಗಿದ ಮೇಲೆ ಮೂತ್ರ ಕೆಂಪಗಾಗಿ ಸಂಜೆಗೆ ತಿಳಿಯಾದರೆ ಭಯವಿಲ್ಲ. ದಿನವಿಡೀ ಡಿಕಾಕ್ಷನ್ ಥರ ಇದ್ದರೆ ತೋರಿಸಿ. ಕಣ್ಣನ್ನ ಲೈಟಿನಲ್ಲಿ ನೋಡಬೇಡಿ, ಬಿಸಿಲಲ್ಲಿ ನೋಡಿ. ಮೈಕೈ ನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ. ಕುಡಿಯಬೇಡಿ. ನೀವಾಗೇ ಮಾತ್ರೆ ನಿಲ್ಲಿಸಿ ಮನೆಯಲ್ಲಿ ಕೂರಬೇಡಿ, ತೋರಿಸಿದ ಮೇಲೆ ಮತ್ತೆ ಶುರು ಮಾಡೋಕೆ ದಾರಿಯಿದೆ."

ಕೆಳಗೆ ಸರ್ಕಾರದ ಉಚಿತ ಸಹಾಯವಾಣಿ 1800-11-6666. ಒಂದು ಚೀಟಿಯಷ್ಟು ಜಾಗ. ಇದನ್ನ ಮಾತ್ರೆ ಪಟ್ಟಿಯ ಜೊತೆ ಕನ್ನಡದಲ್ಲಿ ಅಚ್ಚು ಹಾಕಿ ಕೊಡೋಕೆ, ಕೊಡುವಾಗ ಒಂದು ಸಲ ಬಾಯಲ್ಲಿ ಓದಿ ಹೇಳೋಕೆ, ಎಷ್ಟು ಖರ್ಚಾಗುತ್ತೆ ಹೇಳಿ? ಓದೋಕೆ ಬಾರದವರ ಮನೆಯಲ್ಲಿ ಒಬ್ಬರನ್ನಾದರೂ ಕರೆದು ಹೇಳಲಿ, ಅವರೇ ಕಣ್ಣು ನೋಡೋರು.

ಮಾವ 2024ರ ಜೂನ್‌ನಲ್ಲಿ ಮಾತ್ರೆ ಮುಗಿಸಿದರು. ಈಗ 51 ಕೆಜಿ. ಬೀಡಿ ವಾಪಸ್ ಬಂದಿದೆ, ಅದೊಂದು ಬೇರೆ ಜಗಳ. ಅಷ್ಟರಲ್ಲಿ ಊರಲ್ಲಿ ಆಗಬೇಕಾದ್ದು ಆಗಿತ್ತು. "ಟಿಬಿ ಮಾತ್ರೆ ಈರುಳ್ಳಿ ಸಿಪ್ಪೆ ಬಿಡಿಸ್ದಂಗೆ ಲಿವರ್ ಬಿಡಿಸ್ತದಂತೆ" ಅಂತ ಸುದ್ದಿ. ಪಕ್ಕದ ಬೀದಿಯಲ್ಲಿ ಹೂವು ಕಟ್ಟಿ ಮಾರೋ ಒಬ್ಬ ಹೆಂಗಸು ನಾಲ್ಕು ತಿಂಗಳು ಕೆಮ್ಮಿಕೊಂಡೇ ಇದ್ದರು, ಕಫ ಪರೀಕ್ಷೆಗೇ ಹೋಗಲಿಲ್ಲ. ಅವರ ಮನೆಯಲ್ಲಿ ಎರಡು ಚಿಕ್ಕ ಮೊಮ್ಮಕ್ಕಳು. ಕೇಳಿದರೆ, "ಅಣ್ಣಂಗೆ ಆದಂಗೆ ನಂಗೂ ಆದ್ರೆ ನೋಡ್ಕಳೋರ್ಯಾರು?" ಅಂದರಂತೆ. ಮಾವ ತಾವೇ ಬಸ್ಸಿನಲ್ಲಿ ಕರಕೊಂಡು ಹೋಗಿ ಪರೀಕ್ಷೆ ಮಾಡಿಸಿದರು, ಟಿಬಿ ಇತ್ತು. ಅತ್ತೆ ತಮ್ಮ ಡಬ್ಬಿಯ ಚೀಟಿ ಕಿತ್ತು ಆ ಮನೆಗೆ ಕೊಟ್ಟರು, ಆಕೆಯ ಸೊಸೆಗೆ ಓದಿ ಹೇಳಿದರು. ಜೊತೆಗೆ ದಿನ ಬಿಟ್ಟು ದಿನ ಬೆಳಗ್ಗೆ ಹೋಗಿ ಆಕೆಯನ್ನ ಬಾಗಿಲ ಹೊರಗೆ ಬಿಸಿಲಿಗೆ ನಿಲ್ಲಿಸಿ, ಕೆಳರೆಪ್ಪೆ ಎಳೆದು ನೋಡಿ ಬರ್ತಿದ್ದರು.

ಐದನೇ ವಾರದಲ್ಲಿ ಆಕೆಗೂ ವಾಂತಿಯಾಯ್ತು. ಅವತ್ತೇ ಆಸ್ಪತ್ರೆಗೆ ಹೋದರು, ರಕ್ತ ಕೊಟ್ಟರು, ಮಾರನೇ ದಿನ ರಿಪೋರ್ಟ್ ಬಂತು. ಲಿವರ್ ಸರಿಯಾಗಿತ್ತು, ಬರೀ ಹೊಟ್ಟೆ ಕೆಟ್ಟಿತ್ತು. ಮಾತ್ರೆ ಮುಂದುವರಿಸಿ ಅಂದರು, ಮುಂದುವರಿಸಿದರು. ಅತ್ತೆ ಫೋನಿನಲ್ಲಿ ಇದನ್ನೆಲ್ಲ ಹೇಳಿ, "ನಾನ್ ಬೆಳಗ್ಗೇನೇ ಅಂದಿದ್ದೆ ಕಣಪ್ಪ, ಏನಾಗಿಲ್ಲ ಅಂತ. ಕಣ್ಣು ಬೆಳ್ಳಗೇ ಇದ್ವು" ಅಂದರು.